ಎರಡು ಕಚೇರಿಗಳ ಯಂತ್ರ

ಕನ್ನಡದ ‘ಕಚೇರಿ’ ಎಂಬ ಪದಕ್ಕೆ ಎರಡು ಅರ್ಥಗಳು. ಒಂದರಲ್ಲಿ ಕಡತ, ಟಿಪ್ಪಣಿ, ಹಾಜರಿ ಪುಸ್ತಕ. ಇನ್ನೊಂದರಲ್ಲಿ ತಂಬೂರಿ, ಪಿಟೀಲು, ಮೃದಂಗ. ಹಗಲು ಮೊದಲನೆಯದರಲ್ಲಿ ಕುಳಿತು ಸಂಜೆ ಎರಡನೆಯದನ್ನು ಅರಸಿಕೊಂಡು ಹೋಗುವ ನನ್ನಂಥ ದೆಹಲಿ ಕನ್ನಡಿಗರಿಗೆ ಈ ಶ್ಲೇಷೆ ಹೊಸದಲ್ಲ. ಆದರೆ ಎರಡೂ ಕಚೇರಿಗಳಲ್ಲಿ ಒಂದೇ ಯಂತ್ರವನ್ನು ನೋಡುವ ಪ್ರಸಂಗ ಬಂದಾಗ ಅದು ಬರಿಯ ಶ್ಲೇಷೆಯಾಗಿ ಉಳಿಯಲಿಲ್ಲ.

ಕೆಲವು ವರ್ಷಗಳ ಹಿಂದೆ, ಚಳಿಗಾಲದ ಒಂದು ಸಂಜೆ, ನಮ್ಮ ಬಳಗದ ಹಿರಿಯರೊಬ್ಬರೊಡನೆ ಎಲೆಕ್ಟ್ರಾನಿಕ್ ಸಂಗೀತದ ಕಾರ್ಯಕ್ರಮವೊಂದಕ್ಕೆ ಹೋಗಿದ್ದೆ. ಅವರು ಯೌವನದಲ್ಲಿ ಮೈಸೂರಿನಲ್ಲಿ ಮೃದಂಗ ಕಲಿತವರು. ಈಗಲೂ ಯಾವ ಕಚೇರಿಯಲ್ಲಿ ಕುಳಿತರೂ ಅವರ ಬಲಗೈ ತೊಡೆಯ ಮೇಲೆ ತಾಳ ಹಾಕುತ್ತಲೇ ಇರುತ್ತದೆ. ವೇದಿಕೆಯ ಮೇಲೆ ಒಂದು ಮೇಜು, ಮೇಜಿನ ಮೇಲೆ ತೆರೆದ ಲ್ಯಾಪ್‌ಟಾಪ್, ಅದರ ಹಿಂದೆ ಪರದೆಯ ನೀಲಿ ಬೆಳಕು ಬಿದ್ದ ಒಂದು ಮುಖ. ಸದ್ದು ಮಾತ್ರ ಸಭಾಂಗಣದ ನಾಲ್ಕೂ ಮೂಲೆಗಳಿಂದ ಮೊರೆಯುತ್ತಿತ್ತು. ಹತ್ತು ನಿಮಿಷ ಸುಮ್ಮನಿದ್ದ ಹಿರಿಯರು ನನ್ನ ಕಡೆ ಬಾಗಿ, ‘ಅಲ್ರೀ, ಈತ ನುಡಿಸ್ತಾ ಇದಾನೋ, ಫೈಲ್ ನೋಡ್ತಾ ಇದಾನೋ?’ ಎಂದರು. ನಾನು ನಕ್ಕೆ. ಆದರೆ ಉತ್ತರ ನನಗೂ ಗೊತ್ತಿರಲಿಲ್ಲ. ಆಮೇಲೆ ಓದುತ್ತ ಹೋದಂತೆ ತಿಳಿದುಬಂದದ್ದೆಂದರೆ, ಈ ಸಂಗೀತದ ಇತಿಹಾಸವೆಂಬುದು ಬಹುಮಟ್ಟಿಗೆ ಆ ಒಂದು ಪ್ರಶ್ನೆಗೆ ಬೇರೆ ಬೇರೆಯವರು ಕೊಟ್ಟ, ಕೆಲವೊಮ್ಮೆ ಕೊಡಲು ನಿರಾಕರಿಸಿದ, ಉತ್ತರಗಳ ಇತಿಹಾಸ.

ಮೊದಲಿಗೆ ಕಾಲದ ಸಂಗತಿ. 1957ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ಎಂಜಿನಿಯರ್ ಮ್ಯಾಕ್ಸ್ ಮ್ಯಾಥ್ಯೂಸ್ ಕಂಪ್ಯೂಟರಿನಿಂದ ಧ್ವನಿಯನ್ನು ಲೆಕ್ಕಹಾಕಿ ಹೊರಡಿಸುವ ‘ಮ್ಯೂಸಿಕ್’ ಎಂಬ ತಂತ್ರಾಂಶವನ್ನು ಬರೆದರು. ಅದರಿಂದ ಹುಟ್ಟಿದ ಮೊದಲ ರಚನೆಯ ಅವಧಿ 17 ಸೆಕೆಂಡು. ಲೆಕ್ಕ ನಡೆದದ್ದು ನ್ಯೂಯಾರ್ಕ್ ನಗರದಲ್ಲಿದ್ದ ಐಬಿಎಂ 704 ಯಂತ್ರದಲ್ಲಿ. ಅಂಕಿಗಳನ್ನು ಧ್ವನಿಯಾಗಿ ಪರಿವರ್ತಿಸುವ ಸಾಧನವಿದ್ದದ್ದು ನ್ಯೂಜೆರ್ಸಿಯ ಪ್ರಯೋಗಾಲಯದಲ್ಲಿ. ಅಂಕಿ ತುಂಬಿದ ಟೇಪನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಹೊತ್ತು ತಂದ ಮೇಲೆಯೇ ಸಂಗೀತ ಕೇಳಿಸುತ್ತಿತ್ತು. ಹೀಗಿರುವಾಗ ‘ಕಚೇರಿ’ಯ ಮಾತೇ ಇಲ್ಲ. ಇಂದಿನ ಸಾಮಾನ್ಯ ಲೆಕ್ಕದಂತೆ ಸೆಕೆಂಡಿಗೆ 44,100 ಅಂಕಿಗಳನ್ನು, ಎರಡು ವಾಹಿನಿಗಳಾದರೆ ಅದರ ಇಮ್ಮಡಿಯನ್ನು, ಒಂದೂ ತಪ್ಪದಂತೆ ಒದಗಿಸಿದರೆ ಮಾತ್ರ ಧ್ವನಿ ಕಡಿಯದೆ ಬರುತ್ತದೆ. ಯಂತ್ರವು ಈ ಅಂಕಿಗಳನ್ನು ಸಣ್ಣ ಸಣ್ಣ ಕಂತುಗಳಲ್ಲಿ ಮುಂಗಡವಾಗಿ ತುಂಬಿಡುತ್ತದೆ. 512 ಅಂಕಿಗಳ ಕಂತಾದರೆ ಬೆರಳು ಒತ್ತಿದ್ದಕ್ಕೂ ಸದ್ದು ಹೊರಡುವುದಕ್ಕೂ ನಡುವೆ ಸುಮಾರು 12 ಮಿಲಿಸೆಕೆಂಡಿನ ಅಂತರ ಸೇರಿಕೊಳ್ಳುತ್ತದೆ. ಕಂತು ಚಿಕ್ಕದಾದರೆ ಕೈಗೂ ಕಿವಿಗೂ ಸಾಮೀಪ್ಯ ಹೆಚ್ಚು. ಆದರೆ ಯಂತ್ರ ಒಂದು ಕಂತನ್ನು ತಪ್ಪಿಸಿದರೂ ‘ಚಟ್’ ಎಂಬ ಸದ್ದು ಎಲ್ಲರಿಗೂ ಕೇಳುತ್ತದೆ. ಲ್ಯಾಪ್‌ಟಾಪ್ ನುಡಿಸುವವರು ಇಂದಿಗೂ ಈ ಎರಡರ ನಡುವೆ ತೂಗಿಸಿಕೊಂಡೇ ವೇದಿಕೆ ಏರುವುದು.

ಕಂಪ್ಯೂಟರ್ ಒಂದನ್ನು ಕಂಕುಳಲ್ಲಿ ಇಟ್ಟುಕೊಂಡು ಕಚೇರಿಗೆ ಹೋಗಬಹುದೆಂದು ತೋರಿಸಿದವರು ಸಂಶೋಧನಾಲಯದವರಲ್ಲ, ಕ್ಯಾಲಿಫೋರ್ನಿಯಾದ ಕೆಲವು ಬಡ ಕಲಾವಿದರು. 1976ರಲ್ಲಿ ಮಾರುಕಟ್ಟೆಗೆ ಬಂದ ಕಿಮ್-1 ಎಂಬುದಕ್ಕೆ ಪೆಟ್ಟಿಗೆಯೂ ಇರಲಿಲ್ಲ, ಪರದೆಯೂ ಇರಲಿಲ್ಲ. ಒಂದು ಬರಿಯ ಹಲಗೆ, ಅದರ ಮೇಲೆ 6502 ಎಂಬ ಚಿಪ್ಪು, ಸುಮಾರು ಒಂದು ಕಿಲೊಬೈಟ್ ನೆನಪು, ಆರು ಕೆಂಪು ಅಂಕಿಗಳು ಮಿನುಗುವ ಕಿಟಕಿ. ಬೆಲೆ 245 ಡಾಲರ್. ಜಿಮ್ ಹಾರ್ಟನ್, ಜಾನ್ ಬಿಷಾಫ್, ರಿಚ್ ಗೋಲ್ಡ್ ಮೊದಲಾದವರು ಇಂಥ ಹಲಗೆಗಳನ್ನು ತಂತಿಗಳಿಂದ ಒಂದಕ್ಕೊಂದು ಬೆಸೆದು, 1978ರ ಹೊತ್ತಿಗೆ ‘ಲೀಗ್ ಆಫ್ ಆಟೊಮ್ಯಾಟಿಕ್ ಮ್ಯೂಸಿಕ್ ಕಂಪೋಸರ್ಸ್’ ಎಂಬ ಮೇಳವನ್ನು ಕಟ್ಟಿದರು. ಒಬ್ಬರ ಯಂತ್ರ ಹೊರಡಿಸಿದ ಸ್ವರ ಇನ್ನೊಬ್ಬರ ಯಂತ್ರಕ್ಕೆ ಸೂಚನೆಯಾಗುತ್ತಿತ್ತು. ಒಟ್ಟು ಸಂಗೀತ ಯಾರ ಸೊತ್ತೂ ಆಗಿರಲಿಲ್ಲ. 1979ರಲ್ಲಿ ಬರ್ಕ್ಲಿಯ ಫಿನ್ನಿಶ್ ಹಾಲ್ ಎಂಬ ಸಭಾಭವನದಲ್ಲಿ ಎರಡು ವಾರಕ್ಕೊಮ್ಮೆ, ಭಾನುವಾರ ಮಧ್ಯಾಹ್ನ, ಇವರು ಯಂತ್ರಗಳನ್ನು ಜೋಡಿಸಿ ಒಂದೆರಡು ಗಂಟೆ ನುಡಿಯಲು ಬಿಡುತ್ತಿದ್ದರು. ಜನ ಬರಬಹುದಿತ್ತು, ಹೋಗಬಹುದಿತ್ತು, ಬಳಿಗೆ ಬಂದು ಪ್ರಶ್ನೆ ಕೇಳಬಹುದಿತ್ತು. ನಮ್ಮ ಹಿರಿಯರು ಆ ಭಾನುವಾರಗಳಲ್ಲಿ ಅಲ್ಲಿದ್ದಿದ್ದರೆ ಅವರ ಪ್ರಶ್ನೆಗೆ ಉತ್ತರ ಮೇಜಿನ ಬಳಿಯೇ ಸಿಗುತ್ತಿತ್ತು. ಹಾರ್ಟನ್‌ಗೆ ಸಂಧಿವಾತ. ಅದು ಉಲ್ಬಣಿಸಿದಂತೆ ಅವರು ಹಿಂದೆ ಸರಿಯಬೇಕಾಯಿತು. 1983ರಲ್ಲಿ ಮೇಳ ನಿಂತುಹೋಯಿತು. ಕೈಯ ಚಮತ್ಕಾರವನ್ನು ಬೇಡದ ಸಂಗೀತವನ್ನು ಆರಂಭಿಸಿದವರಲ್ಲಿ ಒಬ್ಬರು ಕೈಗಳ ನೋವಿನಿಂದಲೇ ಅದನ್ನು ಬಿಡಬೇಕಾಯಿತೆಂಬುದನ್ನು ಓದಿದ ದಿನ ನಾನು ಪುಟ ತಿರುವದೆ ಸ್ವಲ್ಪ ಹೊತ್ತು ಕುಳಿತಿದ್ದೆ. ಉಳಿದವರು ‘ದಿ ಹಬ್’ ಎಂಬ ಹೆಸರಿನಲ್ಲಿ ಮುಂದುವರಿದರು. 1987ರಲ್ಲಿ ನ್ಯೂಯಾರ್ಕಿನ ಎರಡು ಬೇರೆ ಸಭಾಂಗಣಗಳಲ್ಲಿ ಮೂವರು ಮೂವರಾಗಿ ಕುಳಿತು, ದೂರವಾಣಿ ತಂತಿಯ ಮೂಲಕ ಜೊತೆಗೂಡಿ ನುಡಿಸಿದರು.

ಇದೇ ದಶಕದ ಇನ್ನೊಂದು ಪ್ರಸಂಗ ನನಗೆ ಪ್ರಿಯವಾದದ್ದು. 1985ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ರಾನ್ ಕುಯಿವಿಲಾ ಎಂಬ ಸಂಗೀತಗಾರರು ಆಪಲ್ ಟೂ ಕಂಪ್ಯೂಟರಿನ ಮುಂದೆ ಕುಳಿತು, ಸಭಿಕರ ಎದುರಿಗೇ ಪ್ರೋಗ್ರಾಂ ಬರೆಯುತ್ತ ಸಂಗೀತ ಹೊರಡಿಸಿದರು. ಯಂತ್ರ ಮೊಂಡುಹಿಡಿಯಿತು. ಹತೋಟಿಗೆ ತರಲು ಪ್ರಯತ್ನಿಸಿ, ಕೊನೆಗೆ ಸೋತು, ಅವರು ಕಾರ್ಯಕ್ರಮವನ್ನು ಅಲ್ಲಿಗೇ ಮುಗಿಸಿದರು. ಸೋತ ಕಾರ್ಯಕ್ರಮವಾದರೂ ನೋಡಿದವರು ಅದನ್ನು ಬರೆದಿಟ್ಟರು. ಆತ ನಿಜವಾಗಿಯೂ ನುಡಿಸುತ್ತಿದ್ದ ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷ್ಯ ಬೇಕೆ?

ಫ್ರಾನ್ಸಿನ ಇರ್ಕಾಮ್ ಸಂಸ್ಥೆಯ ಕಥೆ ದೊಡ್ಡದು. ಇಲ್ಲಿ ಬೇಕಾದಷ್ಟನ್ನು ಮಾತ್ರ ಹೇಳುತ್ತೇನೆ. ಅಲ್ಲಿ ಮಿಲರ್ ಪಕೆಟ್ ಬರೆದ ತಂತ್ರಾಂಶವೊಂದು, ವಾದ್ಯಗಾರನನ್ನು ಕೇಳಿಸಿಕೊಳ್ಳುತ್ತ ಆ ಕ್ಷಣದಲ್ಲೇ ಪ್ರತಿಕ್ರಿಯಿಸುವಂತೆ ಯಂತ್ರವನ್ನು ಪಳಗಿಸಿತು. ಫಿಲಿಪ್ ಮನೂರಿಯವರ 1988ರ ‘ಪ್ಲುಟಾನ್’ ಎಂಬ ಪಿಯಾನೊ ಕೃತಿ ಅದರ ಮೊದಲ ಫಲಗಳಲ್ಲೊಂದು. ತಂತ್ರಾಂಶಕ್ಕೆ ಮ್ಯಾಥ್ಯೂಸರ ಗೌರವಾರ್ಥ ‘ಮ್ಯಾಕ್ಸ್’ ಎಂದು ಹೆಸರಾಯಿತು. ಆಗಿನ್ನೂ ಧ್ವನಿಯನ್ನು ಉತ್ಪಾದಿಸಲು ಪ್ರತ್ಯೇಕ ದುಬಾರಿ ಯಂತ್ರ ಬೇಕಿತ್ತು. 1996ರಲ್ಲಿ ಜೇಮ್ಸ್ ಮೆಕಾರ್ಟ್ನಿಯವರ ‘ಸೂಪರ್‌ಕೊಲೈಡರ್’ ಮತ್ತು ಪಕೆಟರ ‘ಪ್ಯೂರ್ ಡೇಟಾ’, 1997ರಲ್ಲಿ ಮ್ಯಾಕ್ಸ್‌ಗೆ ಸೇರಿದ ‘ಎಂಎಸ್‌ಪಿ’ ಬಂದ ಮೇಲೆ ಆ ಅಗತ್ಯ ಹೋಯಿತು. ಅದೇ ವೇಳೆಗೆ ಅಂಗಡಿಯಲ್ಲಿ ಸಿಗುವ ಲ್ಯಾಪ್‌ಟಾಪ್‌ಗಳ ಬಲವೂ ಸಾಕಷ್ಟಾಗಿತ್ತು. ನಾಲ್ಕು ದಶಕಗಳ ಹಿಂದೆ ಒಂದು ಕೋಣೆಯನ್ನು ತುಂಬಿದ್ದ ಕೆಲಸ ಒಂದು ಕೈಚೀಲಕ್ಕೆ ಬಂತು.

ಹೀಗೆ ವೇದಿಕೆಗೆ ಬಂದ ಲ್ಯಾಪ್‌ಟಾಪಿನ ಮೊದಲ ಗಟ್ಟಿ ನೆಲೆಗಳಲ್ಲಿ ವಿಯೆನ್ನಾ ಒಂದು. ಅಲ್ಲಿನ ‘ಮೆಗೊ’ ಎಂಬ ಪುಟ್ಟ ಪ್ರಕಾಶನ ಸಂಸ್ಥೆ 1995ರಲ್ಲಿ ತನ್ನ ಮೊದಲ ಧ್ವನಿಮುದ್ರಿಕೆಯನ್ನು ರೆಫ್ರಿಜರೇಟರುಗಳ ಗುಂಯ್‌ಗುಟ್ಟುವಿಕೆಯಿಂದಲೇ ಮಾಡಿತ್ತೆಂದರೆ ಅವರ ಮನೋಧರ್ಮ ಊಹಿಸಿಕೊಳ್ಳಬಹುದು. ಆ ಬಳಗದ ಪೀಟರ್ ರೆಬರ್ಗ್, ಕ್ರಿಸ್ಟಿಯಾನ್ ಫೆನ್ನೆಸ್ ಹಾಗೂ ಅಮೆರಿಕದ ಜಿಮ್ ಒರೂರ್ಕ್ ಮೂವರೂ ‘ಫೆನ್ ಓಬರ್ಗ್’ ಎಂಬ ಹೆಸರಿನಲ್ಲಿ ಮೂರು ಲ್ಯಾಪ್‌ಟಾಪ್‌ಗಳ ಹಿಂದೆ ಕುಳಿತು ನುಡಿಸಿದರು. ಆ ಕಚೇರಿಗಳಿಂದ ಹೆಕ್ಕಿದ ಮುದ್ರಿಕೆ 1999ರಲ್ಲಿ ಹೊರಬಂತು. ನಮ್ಮ ಹಿರಿಯರ ಪ್ರಶ್ನೆ ಆಗಲೇ ಯೂರೋಪಿನ ಸಭಿಕರ ಬಾಯಲ್ಲಿ ಹಾಸ್ಯವಾಗಿ ಓಡಾಡುತ್ತಿತ್ತು: ಇವರು ಸಂಗೀತ ನುಡಿಸುತ್ತಿದ್ದಾರೋ, ಇಮೇಲ್ ನೋಡುತ್ತಿದ್ದಾರೋ? ಈ ಹಾಸ್ಯದ ಬೇರನ್ನು ನೋಡಬೇಕು. ಪಿಟೀಲನ್ನು ಕಂಡು ಯಾರೂ ಹಾಗೆ ಕೇಳುವುದಿಲ್ಲ. ಏಕೆಂದರೆ ಪಿಟೀಲಿನಿಂದ ಇಮೇಲ್ ನೋಡಲಾಗದು. ಬೇರೆ ಯಾವ ವಾದ್ಯಕ್ಕೂ ಇಲ್ಲದ ಅಪಖ್ಯಾತಿ ಇದು. ನಾನು ರಜೆಯ ಅರ್ಜಿಯನ್ನು ಮಂಜೂರು ಮಾಡುವ ಅದೇ ಬೆರಳಚಲನೆಯಿಂದ ಇನ್ನೊಬ್ಬರು ಒಂದು ಸಭಾಂಗಣವನ್ನೇ ನಡುಗಿಸಬಹುದು. ಹೊರಗಿನಿಂದ ಕಾಣುವುದು ಎರಡೂ ಒಂದೇ.

ಮೆಗೊ ಬಳಗದವರ ಉತ್ತರ, ಉತ್ತರಿಸದಿರುವುದೇ ಆಗಿತ್ತು. ಕೇಳಿ, ನೋಡಬೇಡಿ. ಇದಕ್ಕೂ ಹಿರಿಯ ಪರಂಪರೆಯುಂಟು. 1950ರಲ್ಲಿ ಪ್ಯಾರಿಸ್ಸಿನಲ್ಲಿ ಪಿಯೇರ್ ಷೆಫರ್ ತಮ್ಮ ಧ್ವನಿಮುದ್ರಿತ ರಚನೆಗಳ ಮೊದಲ ಸಾರ್ವಜನಿಕ ಕಾರ್ಯಕ್ರಮ ನಡೆಸಿದಾಗಲೇ ಜನ ಧ್ವನಿವರ್ಧಕಗಳ ಎದುರು ಕುಳಿತು ಕೇಳಿದ್ದರು. ಶಿಷ್ಯರು ಮಾತಿನ ಮೇಲೆಯೇ ಮನಸ್ಸಿಡಲೆಂದು ಪರದೆಯ ಹಿಂದೆ ನಿಂತು ಪಾಠ ಹೇಳುತ್ತಿದ್ದನೆನ್ನಲಾದ ಗ್ರೀಕ್ ದಾರ್ಶನಿಕ ಪೈಥಾಗೊರಸ್‌ನ ಕಥೆಯನ್ನು ಷೆಫರ್ ನೆನೆಯುತ್ತಿದ್ದರು. ಸಂಗೀತಗಾರ ಕಿಮ್ ಕ್ಯಾಸ್ಕೋನ್ ಆ ವಾದವನ್ನು ಲ್ಯಾಪ್‌ಟಾಪಿಗೆ ತಂದು, ಕಣ್ಣಿಗೆ ತಮಾಷೆಯನ್ನು ಬೇಡುವ ಸಭಿಕರ ಚಟವೇ ತೊಡಕೆಂದು ಬರೆದರು. ತರ್ಕ ಸರಿಯಾಗಿಯೇ ಇದೆ. ಆದರೂ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಬರಿಯ ಕಿವಿಗೇ ಸಾಕೆಂದಾದರೆ ನಾವು ಮನೆಯಲ್ಲೇ ಕೇಳುತ್ತಿದ್ದೆವು. ಟಿಕೆಟು, ಟ್ರಾಫಿಕ್, ಚಳಿ ಇವನ್ನೆಲ್ಲ ದಾಟಿ ಬರುವವನು ಇನ್ನೇನನ್ನೋ ಬೇಡಿ ಬಂದಿರುತ್ತಾನೆ. ತನಿ ಆವರ್ತನದಲ್ಲಿ ಇಡೀ ಸಭೆ ಕೈಯಲ್ಲಿ ತಾಳ ಹಿಡಿದು ಕುಳಿತಿರುವಾಗ ಅದು ವಾದಕನನ್ನು ಪ್ರೋತ್ಸಾಹಿಸುತ್ತಲೂ ಇರುತ್ತದೆ, ಪರೀಕ್ಷಿಸುತ್ತಲೂ ಇರುತ್ತದೆ. ಅವನು ತಪ್ಪಬಹುದು, ತಪ್ಪಿದರೆ ನಮಗೆ ಗೊತ್ತಾಗುತ್ತದೆ. ಈ ಒಪ್ಪಂದವಿಲ್ಲದ ಕಡೆ ಚಪ್ಪಾಳೆ ತಟ್ಟುವಾಗ ನನ್ನ ಕೈಗಳು ಸ್ವಲ್ಪ ಸುಳ್ಳು ಹೇಳಿದಂತೆ ಅನಿಸುತ್ತದೆ.

ಯಂತ್ರ ಎಂಬ ಕಾರಣಕ್ಕೆ ನಮ್ಮವರು ಸಿಡಿದೇಳುತ್ತಾರೆ ಎಂದುಕೊಳ್ಳುವುದು ತಪ್ಪು. ಬೆಂಗಳೂರಿನ ಎಂಜಿನಿಯರ್ ಹಾಗೂ ಕೊಳಲುವಾದಕ ಜಿ. ರಾಜ್ ನಾರಾಯಣ್ ಅವರು 1970ರ ದಶಕದ ಕೊನೆಯ ಹೊತ್ತಿಗೆ ರೂಪಿಸಿದ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯ ಸಂತತಿ ಇಂದು ಕಚೇರಿ ಕಚೇರಿಗಳಲ್ಲೂ ಇದೆ. ಅದನ್ನು ಯಾರೂ ‘ನೀನು ನುಡಿಸುತ್ತಿದ್ದೀಯಾ?’ ಎಂದು ಕೇಳಲಿಲ್ಲ. ಅದು ವಿದ್ವಾಂಸನ ಸ್ಥಾನದಲ್ಲಿ ಕುಳಿತಿಲ್ಲ, ತಂಬೂರಿಯ ಸ್ಥಾನದಲ್ಲಿ ಕುಳಿತಿದೆ. ಆಕ್ಷೇಪ ಯಂತ್ರದ ಮೇಲಲ್ಲ, ಆಸನದ ಮೇಲೆ.

ಎರಡನೆಯ ಉತ್ತರ, ಕೈಗಳನ್ನು ಮರಳಿ ತಂದುಕೊಡುವುದು. 2001ರಲ್ಲಿ ಐಸ್‌ಲ್ಯಾಂಡಿನ ಗಾಯಕಿ ಬ್ಯೊರ್ಕ್ ತಮ್ಮ ‘ವೆಸ್ಪರ್ಟೈನ್’ ಪ್ರವಾಸಕ್ಕೆ ಹಾರ್ಪ್ ವಾದಕಿಯ ಜೊತೆಗೆ ‘ಮ್ಯಾಟ್ಮೋಸ್’ ಎಂಬ ಲ್ಯಾಪ್‌ಟಾಪ್ ಜೋಡಿಯನ್ನೂ ಕರೆದೊಯ್ದರು. ಅವರು ಯಂತ್ರದ ಹಿಂದೆಯೇ ಅವಿತು ಕೂರಲಿಲ್ಲ. ಕಲ್ಲುಪ್ಪು ತುಂಬಿದ ತಟ್ಟೆಯ ಮೇಲೆ ಮೈಕ್ ಎದುರು ಹೆಜ್ಜೆಯಿಟ್ಟು, ಹಿಮದ ಮೇಲೆ ನಡೆದಂಥ ಲಯವನ್ನು ಅಲ್ಲೇ ಹುಟ್ಟಿಸಿದರು. ಅದೇ ವರ್ಷ ಬರ್ಲಿನ್‌ನಿಂದ ‘ಏಬಲ್ಟನ್ ಲೈವ್’ ಎಂಬ ತಂತ್ರಾಂಶ ಬಂತು. ‘ಮೊನೊಲೇಕ್’ ಎಂಬ ಜೋಡಿಯಾಗಿ ನುಡಿಸುತ್ತಿದ್ದ ಗೆರ್ಹಾರ್ಡ್ ಬೆಹ್ಲೆಸ್ ಮತ್ತು ರಾಬರ್ಟ್ ಹೆಂಕೆ, ವೇದಿಕೆಯಲ್ಲಿ ತಮಗೇ ಬೇಕಾದ ಸಲಕರಣೆಗಳನ್ನು ಮೊದಲು ತಾವೇ ಮಾಡಿಕೊಂಡಿದ್ದರು. ಆ ಅನುಭವ ಇದರ ಹಿಂದಿದೆ. ತುಣುಕು ತುಣುಕಾದ ಸಂಗೀತವನ್ನು ಲಯ ಕೆಡದಂತೆ ಯಾವಾಗ ಬೇಕಾದರೂ ಎತ್ತಿಕೊಂಡು, ಹಿಗ್ಗಿಸಿ ಕುಗ್ಗಿಸಿ, ಬಿಟ್ಟುಬಿಡಬಹುದಾದ ಅನುಕೂಲವದು. ಜಗತ್ತಿನ ತುಂಬ ಲ್ಯಾಪ್‌ಟಾಪ್ ಕಚೇರಿ ಹರಡಲು ಇದರಷ್ಟು ಕಾರಣವಾದದ್ದು ಇನ್ನೊಂದಿಲ್ಲ. ವಿಶೇಷವೆಂದರೆ, ಮೌಸ್ ಹಿಡಿದು ನುಡಿಸುವುದು ಸಾಲದೆಂದು ಹೆಂಕೆಯವರೇ ಗುಂಡಿ ಬಿರಡೆಗಳ ಪೆಟ್ಟಿಗೆಯೊಂದನ್ನು ತಮಗಾಗಿ ಕಟ್ಟಿಕೊಂಡರು. 2006ರ ‘ಮೊನೋಮ್’ ಎಂಬ ಅರವತ್ತನಾಲ್ಕು ಬೆಳಕಿನ ಗುಂಡಿಗಳ ಮಣೆ ಬಂದ ಮೇಲೆ ಅಂಥವು ಹಲವು ಬಂದವು. ಚದುರಂಗದಷ್ಟೇ ಮನೆಗಳು. ಗುಂಡಿ ಒತ್ತುವುದು ಕಾಣುತ್ತದೆ. ಒತ್ತಿದರೆ ಏನಾಗುತ್ತದೆಂಬುದು ಮಾತ್ರ ಕಾಣದು. ಒಂದು ಗುಂಡಿಗೆ ಒಂದು ತಟ್ಟು ಹೊರಡಬಹುದು, ಮೂರು ನಿಮಿಷದ ಸಿದ್ಧ ಸಂಗೀತವೂ ಹೊರಡಬಹುದು. 2012ರಲ್ಲಿ ಕೆನಡಾದ ಪ್ರಖ್ಯಾತ ಕಲಾವಿದ ಡೆಡ್‌ಮೌಸ್, ಬೃಹತ್ ವೇದಿಕೆಗಳ ಮೇಲೆ ತಮ್ಮಂಥವರೆಲ್ಲ ಮಾಡುವುದು ಬಹುಪಾಲು ‘ಪ್ಲೇ’ ಗುಂಡಿ ಒತ್ತುವುದೇ ಎಂದು ಬಹಿರಂಗವಾಗಿ ಬರೆದುಬಿಟ್ಟರು. ದೀಪ, ದೃಶ್ಯ, ಸಂಗೀತ ಎಲ್ಲವೂ ಒಂದೇ ಗಡಿಯಾರಕ್ಕೆ ಕಟ್ಟಿಹಾಕಿರುವಾಗ ಬೇರೇನು ಸಾಧ್ಯ? ಕೆಲವರು ಸಿಟ್ಟಾದರು. ನನಗಂತೂ ಅದು ಪ್ರಾಮಾಣಿಕ ಹೇಳಿಕೆಯಾಗಿಯೇ ಕಂಡಿತು.

ಮೂರನೆಯ ಉತ್ತರ ನೀಡಿದವರು ಪರದೆಯನ್ನೇ ತಿರುಗಿಸಿ ತೋರಿಸಿದರು. 2004ರ ಫೆಬ್ರುವರಿಯಲ್ಲಿ ಹ್ಯಾಂಬರ್ಗ್ ನಗರದಲ್ಲಿ ಸೇರಿದ ಕೆಲವರು ‘ಟಾಪ್‌ಲ್ಯಾಪ್’ ಎಂಬ ಕೂಟ ಕಟ್ಟಿ, ನುಡಿಸುವವನು ತನ್ನ ಪರದೆಯನ್ನು ಸಭಿಕರಿಂದ ಮರೆಮಾಡಬಾರದೆಂಬ ನಿಯಮ ಸಾರಿದರು. ಇಲ್ಲಿ ಸಿದ್ಧ ತುಣುಕುಗಳಿಲ್ಲ. ಕಲಾವಿದರು ಸಭೆಯೆದುರಿಗೇ ಪ್ರೋಗ್ರಾಂ ಬರೆಯುತ್ತಾರೆ, ತಿದ್ದುತ್ತಾರೆ, ಅಳಿಸುತ್ತಾರೆ. ಬರೆದಂತೆಲ್ಲ ಸಂಗೀತ ಬದಲಾಗುತ್ತದೆ. ಅಕ್ಷರಗಳು ಹಿಂದಿನ ಗೋಡೆಯ ಮೇಲೆ ದೊಡ್ಡದಾಗಿ ಬೀಳುತ್ತವೆ. ಒಂದು ಆವರಣ ಚಿಹ್ನೆ ತಪ್ಪಿದರೆ ಯಂತ್ರ ಒಪ್ಪದು, ಅದೂ ಗೋಡೆಯ ಮೇಲೆ ಎಲ್ಲರಿಗೂ ಕಾಣುತ್ತದೆ. ಕುಯಿವಿಲಾ 1985ರಲ್ಲಿ ಒಬ್ಬಂಟಿಯಾಗಿ ಮಾಡಿ ಸೋತದ್ದು ಈಗ ಒಂದು ಪಂಥವೇ ಆಯಿತು. 2012ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ಜನ ಅದಕ್ಕೆ ಕುಣಿಯತೊಡಗಿದರು, ‘ಆಲ್ಗೊರೇವ್’ ಎಂಬ ಹೆಸರೂ ಬಂತು.

ಈ ಪಂಥದವರು ಹೆಚ್ಚಾಗಿ ಬಳಸುವ ಭಾಷೆಗಳಲ್ಲೊಂದು ಅಲೆಕ್ಸ್ ಮೆಕ್ಲೀನ್ ರೂಪಿಸಿದ ‘ಟೈಡಲ್’. ಅದರ ಬೆನ್ನು ಹತ್ತಿ ಹೋದಾಗ ನಾನು ತಲುಪಿದ್ದು ಲಂಡನ್ನಿಗಲ್ಲ, ಲಖನೌಗೆ. 1980ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಸಂಗೀತ ವಿದ್ವಾಂಸ ಜೇಮ್ಸ್ ಕಿಪ್ಪೆನ್ ಲಖನೌ ಘರಾಣೆಯ ಉಸ್ತಾದ್ ಆಫಾಕ್ ಹುಸೇನ್ ಖಾನರಲ್ಲಿ ತಬಲಾ ಕಲಿಯುತ್ತಿದ್ದರು. ಫ್ರಾನ್ಸಿನ ಗಣಕತಜ್ಞ ಬರ್ನಾರ್ಡ್ ಬೆಲ್ ಅವರೊಡನೆ ಸೇರಿ ತಬಲಾದ ‘ಕಾಯದಾ’ಗಳಿಗೆ ವ್ಯಾಕರಣ ಬರೆಯಲು ಹೊರಟರು. ನಮ್ಮ ಸರಕಾರಿ ‘ಕಾಯ್ದೆ’ಯೂ ಅದೇ ಅರಬ್ಬಿ ಪದವೇ, ಎರಡೂ ಕಡೆ ನಿಯಮ ಒಂದು, ಅದರೊಳಗಿನ ವಿಸ್ತಾರಗಳು ಅನೇಕ. ‘ಬೋಲ್ ಪ್ರೊಸೆಸರ್’ ಎಂಬ ಈ ತಂತ್ರಾಂಶ ಓಡುತ್ತಿದ್ದದ್ದು ಆಪಲ್ ಟೂ ಸಾಲಿನ ಕಂಪ್ಯೂಟರಿನಲ್ಲಿ. ಅದರೊಳಗೆ ಇದ್ದದ್ದು ಬರ್ಕ್ಲಿಯ ಬಡ ಕಲಾವಿದರ ಹಲಗೆಯಲ್ಲಿದ್ದ ಆ 6502 ಚಿಪ್ಪಿನ ವಂಶವೇ. ಯಂತ್ರ ಒಂದು ವಿಸ್ತಾರವನ್ನು ಹೊಸೆಯುವುದು, ಅದರ ಬೋಲುಗಳನ್ನು ಉಸ್ತಾದರ ಮುಂದೆ ಓದುವುದು. ಅವರು ಸರಿ, ತಪ್ಪು ಎನ್ನುವರು. ತಪ್ಪಾದರೆ ಸರಿಯಾದುದನ್ನು ಹೇಳುವರು. ಅದಕ್ಕೆ ತಕ್ಕಂತೆ ವ್ಯಾಕರಣ ತಿದ್ದಿಕೊಳ್ಳುವುದು. ಕಂಪ್ಯೂಟರ್ ಶಿಷ್ಯನ ಸ್ಥಾನದಲ್ಲಿ ಕುಳಿತ ಅಪರೂಪದ ಪ್ರಸಂಗವಿದು. ಬೆಲ್ ಅಲ್ಲಿ ರೂಢಿಸಿದ ಲಯ ಬರೆಯುವ ಕ್ರಮದಿಂದ ಮೆಕ್ಲೀನ್ ತಮ್ಮ ಟೈಡಲಿನ ಸಂಕೇತಲಿಪಿಗೆ ಪ್ರೇರಣೆ ಪಡೆದದ್ದನ್ನು ಒಪ್ಪಿಕೊಂಡಿದ್ದಾರೆ. ಟೈಡಲಿನಲ್ಲಿ ಮೂಲಮಾನ ತಟ್ಟಲ್ಲ, ಆವರ್ತ. ಆವರ್ತದೊಳಗೆ ಎಷ್ಟು ಅಕ್ಷರ ಬರೆದರೂ ಅವು ಸಮನಾಗಿ ಹಂಚಿಕೊಂಡು ಕುಳಿತುಕೊಳ್ಳುತ್ತವೆ. ಕೊನ್ನಕ್ಕೋಲ್ ಕೇಳಿದ ಕಿವಿಗೆ ಇದನ್ನು ವಿವರಿಸಬೇಕಿಲ್ಲ.

ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ 2005ರಲ್ಲಿ ಆರಂಭವಾದ ಲ್ಯಾಪ್‌ಟಾಪ್ ವಾದ್ಯವೃಂದದ ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು. ಡ್ಯಾನ್ ಟ್ರೂಮನ್ ಮತ್ತು ಪೆರಿ ಕುಕ್ ಅದರಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯ ಪಕ್ಕದಲ್ಲೂ ಅರ್ಧಗೋಲಾಕಾರದ ಸ್ವಂತ ಧ್ವನಿವರ್ಧಕವಿಟ್ಟರು. ಸಭಾಂಗಣದ ಗೋಡೆಯಿಂದಲ್ಲ, ನುಡಿಸುವವರ ಪಕ್ಕದಿಂದಲೇ ಸದ್ದು ಹೊರಟರೆ ಅರ್ಧ ಸಂಶಯ ಅಲ್ಲಿಗೇ ಅಳಿಯುತ್ತದೆ. ಸ್ಟ್ಯಾನ್‌ಫರ್ಡಿನವರು 2008ರಲ್ಲಿ ಅದೇ ಬಗೆಯದನ್ನು ಕಟ್ಟುವಾಗ ಸಲಾಡ್ ಬಡಿಸುವ ಮರದ ಬೋಗುಣಿಗಳನ್ನೇ ಕೊಂಡು ತಂದು ಸ್ಪೀಕರ್ ಮಾಡಿಕೊಂಡರು. ಪ್ರಿನ್ಸ್‌ಟನ್ನಿನ ವಿದ್ಯಾರ್ಥಿಗಳು ನೆಲದ ಮೇಲೆ ದಿಂಬು ಹಾಕಿ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದರು. ಅವರ ಜೊತೆ ನುಡಿಸಿದ ಅತಿಥಿಗಳಲ್ಲಿ ಉಸ್ತಾದ್ ಜಾಕಿರ್ ಹುಸೇನ್ ಒಬ್ಬರು.

ಇಷ್ಟೆಲ್ಲವನ್ನೂ ನಮ್ಮ ಹಿರಿಯರಿಗೆ ಒಂದು ಭಾನುವಾರ ಮನೆಗೆ ಕರೆದು ಹೇಳಿದೆ. ಲಖನೌ ಭಾಗವನ್ನು ಎರಡು ಸಲ ಹೇಳಿಸಿಕೊಂಡರು. ‘ಸರಿ, ಮಿಶ್ರ ಛಾಪು ಹಾಕಿ ನೋಡೋಣ’ ಎಂದರು. ಟೈಡಲನ್ನು ನಾನು ಆಗ ಕಲಿಯುತ್ತಿದ್ದವನು. ಏಳು ಅಕ್ಷರಗಳ ಸಾಲು ಬರೆದೆ. ಒಂದು, ನಾಲ್ಕು, ಆರನೆಯದರ ಮೇಲೆ ತಟ್ಟು, ಉಳಿದವು ಖಾಲಿ. ಹಿರಿಯರು ತೊಡೆಯ ಮೇಲೆ ತಾಳ ಹಾಕತೊಡಗಿದರು. ಯಂತ್ರ ತಪ್ಪಲಿಲ್ಲ, ಅವರೂ ತಪ್ಪಲಿಲ್ಲ. ‘ಇನ್ನೊಂದು ನಡೆ ಸೇರಿಸಿ’ ಎಂದರು. ಎರಡನೆಯ ಸಾಲು ಬರೆದು ಗುಂಡಿ ಒತ್ತಿದೆ. ಹೊಸ ಸಾಲು ಆವರ್ತದ ಮೊದಲಿಗೆ ಕಾಯುವುದಿಲ್ಲ, ಒತ್ತಿದ ಕ್ಷಣದಲ್ಲೇ ನಡುವೆ ನುಗ್ಗುತ್ತದೆಂಬುದು ನನಗೆ ಮರೆತಿತ್ತು. ಹಿರಿಯರ ಕೈ ನಿಂತಿತು.

‘ಎಡುಪು ತಪ್ಪಿತು, ರೀ’ ಎಂದರು. ‘ಯಂತ್ರದ್ದಲ್ಲ, ನಿಮ್ಮದು.’

ಕನ್ನಡಕ ಸರಿಮಾಡಿಕೊಂಡು, ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡರು. ಮತ್ತೆ ಮೊದಲಿನಿಂದ ತಾಳ ಹಿಡಿದು, ಸಮ ಬರುವ ಮುನ್ನ ನನಗೆ ತಲೆಯಾಡಿಸಿ ಸನ್ನೆ ಮಾಡಿದರು.